ಬೆಳಗಿನ ಲೋಟಕ್ಕೆ ರಾತ್ರಿಯ ತಯಾರಿ

ಬೆಳಗ್ಗೆ ಎದ್ದು ಒಂದು ಲೋಟ ಹಣ್ಣಿನ ಸ್ಮೂದಿ ಮಾಡಿಕೊಂಡು ಕುಡಿಯಬೇಕೆಂದು ನಿಶ್ಚಯಿಸುವವರು ಬಹಳ ಮಂದಿ. ಅದನ್ನು ಒಂದು ತಿಂಗಳು ದಾಟಿಸುವವರು ಕಡಿಮೆ. ಮೊದಲ ವಾರ ಮನೆಗೆ ಮಾವು, ಪಪ್ಪಾಯಿ, ಅನಾನಸ್ ಎಲ್ಲವೂ ಬರುತ್ತವೆ. ಮೂರನೆಯ ವಾರದ ಹೊತ್ತಿಗೆ ಬುಟ್ಟಿಯಲ್ಲಿದ್ದ ಬಾಳೆಹಣ್ಣು ಕಪ್ಪಿಟ್ಟಿರುತ್ತದೆ, ಮಿಕ್ಸಿ ಮತ್ತೆ ಚಟ್ನಿಗೆ ಮೀಸಲಾಗಿರುತ್ತದೆ. ಆಗ ಹೆಚ್ಚಿನವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ: ನನಗೆ ಮನೋಬಲ ಸಾಲದು, ಹಿಡಿದದ್ದನ್ನು ನಡೆಸಿಕೊಂಡು ಹೋಗುವ ಗುಣ ನನ್ನಲ್ಲಿಲ್ಲ ಎಂದು. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಇಂಥ ಅಭ್ಯಾಸ ಮುರಿಯುವುದು ಬಹುಪಾಲು ಏರ್ಪಾಡಿನ ದೋಷದಿಂದ. ಅದನ್ನು ತಿದ್ದಿಕೊಂಡರೆ ಎಲ್ಲರಿಗೂ ಇರುವಷ್ಟು ಮನೋಬಲವೇ ಸಾಕಾಗುತ್ತದೆ.

ಒಂದು ಲೋಟದ ಹಿಂದಿರುವ ಕೆಲಸವನ್ನೇ ನೋಡಿ. ಅನಾನಸ್ಸಿನ ಮುಳ್ಳುಸಿಪ್ಪೆ ಕೆತ್ತಿ ಕಣ್ಣು ತೆಗೆಯಬೇಕು, ಮಾವಿನ ಓಟೆಯಿಂದ ತಿರುಳು ಬಿಡಿಸಬೇಕು, ಪಪ್ಪಾಯಿಯ ಬೀಜ ಕೆರೆಯಬೇಕು, ರುಬ್ಬಬೇಕು, ಕೊನೆಗೆ ಜಾರ್ ತೊಳೆಯಬೇಕು. ಇಷ್ಟನ್ನೂ ನಾವು ಇಟ್ಟುಕೊಳ್ಳುವುದು ಮಕ್ಕಳ ಡಬ್ಬಿ, ಸ್ಕೂಲ್ ವ್ಯಾನು, ಆಫೀಸಿನ ಬಸ್ಸು ಎಲ್ಲವೂ ಒಟ್ಟಿಗೆ ಕೂಗುವ ಗಳಿಗೆಗೆ. ಆದರೆ ಇವುಗಳಲ್ಲಿ ಯಾವುದನ್ನು ಮುಂಚಿತವಾಗಿ ಮಾಡಬಹುದು, ಯಾವುದನ್ನು ಮಾಡಬಾರದು ಎಂಬುದನ್ನು ಹಣ್ಣುಗಳೇ ತಿಳಿಸುತ್ತವೆ. ಹೆಚ್ಚುವ ಕೆಲಸವನ್ನು ಮೊದಲೇ ಮಾಡಬಹುದು: ಸಿಪ್ಪೆಯಲ್ಲಿ ಕಂದು ಚುಕ್ಕೆ ಮೂಡಿದ ಪಚ್ಚಬಾಳೆ, ಮಾವು, ಅನಾನಸ್ಸಿನ ತುಂಡುಗಳನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಆಮೇಲೆ ಡಬ್ಬಕ್ಕೆ ತುಂಬಿದರೆ ಅವು ಅಂಟಿಕೊಳ್ಳುವುದಿಲ್ಲ. ಹೆಪ್ಪುಗಟ್ಟಿದ ಹಣ್ಣಿನಿಂದಲೇ ತಂಪೂ ಮಂದವೂ ಬರುವುದರಿಂದ ಐಸ್ ಬೇಕಿಲ್ಲ, ರುಚಿ ನೀರಾಗುವುದಿಲ್ಲ. ರುಬ್ಬುವ ಕೆಲಸವನ್ನು ಮಾತ್ರ ರಾತ್ರಿಯೇ ಮುಗಿಸಲಾಗದು. ಹಸಿ ಅನಾನಸ್ಸಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಹಾಲು ಮೊಸರಿನ ಪ್ರೋಟೀನನ್ನು ಒಡೆಯುತ್ತದೆ. ರುಬ್ಬಿಟ್ಟ ಮಿಶ್ರಣ ಹೊತ್ತು ಕಳೆದಂತೆ ಕಹಿಯಾಗುತ್ತದೆ. ಪಪ್ಪಾಯಿಯ ಪಪೇನ್ ಕೂಡ ಇದೇ ಬಗೆಯದು. ಕುದಿಸಿದರೆ ಬ್ರೊಮೆಲಿನ್ ಕೆಲಸ ನಿಲ್ಲಿಸುತ್ತದೆ, ಫ್ರೀಜರಿನಲ್ಲಿಟ್ಟರೆ ಉಳಿದುಕೊಳ್ಳುತ್ತದೆ. ಹೀಗಾಗಿ ಬೆಳಗ್ಗೆ ಉಳಿಯುವುದು ಸಣ್ಣ ಕೆಲಸ. ಜಾರಿಗೆ ಮೊದಲು ಮೊಸರು ಅಥವಾ ತೆಂಗಿನ ಹಾಲು, ಮೇಲೆ ಹಣ್ಣಿನ ತುಂಡು, ಬ್ಲೇಡಿಗೆ ಭಾರವಾಗದಿರಲೆಂದು ಐದು ನಿಮಿಷ ಬಿಟ್ಟು ಒಂದು ಸುತ್ತು. ಕುಡಿದ ತಕ್ಷಣ ಜಾರಿಗೆ ನೀರು ಹಾಕಿ ಮತ್ತೊಮ್ಮೆ ತಿರುಗಿಸಿದರೆ ತೊಳೆಯುವ ಕೆಲಸದ ಮುಕ್ಕಾಲು ಪಾಲು ಮುಗಿದಂತೆ. ಈ ಕೊನೆಯ ಹೆಜ್ಜೆಯನ್ನು ಲಘುವಾಗಿ ಕಾಣಬಾರದು, ಒಣಗಿ ಹಿಡಿದ ಜಾರೇ ಮರುದಿನದ ಉತ್ಸಾಹವನ್ನು ಕೊಲ್ಲುತ್ತದೆ.

ಅಭ್ಯಾಸ ಬೇರೂರಲು 21 ದಿನ ಸಾಕು ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಅದರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಪ್ರಕಟಿಸಿದ ಪುಸ್ತಕ. ರೋಗಿಗಳು ತಮ್ಮ ಬದಲಾದ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಸುಮಾರು 21 ದಿನ ಹಿಡಿಯುತ್ತದೆಂದು ಆತ ಬರೆದಿದ್ದ. ಆ 'ಕನಿಷ್ಠ' ಬಾಯಿಂದ ಬಾಯಿಗೆ ಹೋಗುವಾಗ ಕಳಚಿಬಿತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು. ಪ್ರತಿಯೊಬ್ಬರೂ ತಿನ್ನುವ, ಕುಡಿಯುವ ಅಥವಾ ವ್ಯಾಯಾಮದ ಒಂದು ಹೊಸ ರೂಢಿಯನ್ನು ಆರಿಸಿಕೊಂಡು, ದಿನದ ಒಂದು ನಿಶ್ಚಿತ ಘಟನೆಯ ಬೆನ್ನಿಗೇ ಅದನ್ನು ಮಾಡಬೇಕಿತ್ತು. 2010ರಲ್ಲಿ ಅಚ್ಚಾದ ಫಲಿತಾಂಶದಂತೆ, ರೂಢಿ ತಾನಾಗಿ ನಡೆಯುವ ಹಂತಕ್ಕೆ ಬರಲು ಹಿಡಿಯುತ್ತದೆಂದು ಅವರು ಅಂದಾಜಿಸಿದ ಅವಧಿ 18 ದಿನದಿಂದ 254 ದಿನದವರೆಗೆ ಹರಡಿತ್ತು. ನಡುವಿನ ಅಂಕಿ 66. ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಅವರ ಇನ್ನೊಂದು ಮಾತು. ನಡುವೆ ಒಂದು ದಿನ ತಪ್ಪಿದರೆ ಒಟ್ಟು ಬೆಳವಣಿಗೆಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಮೂರನೆಯ ವಾರದಲ್ಲಿ ಒಂದು ಬೆಳಗು ತಪ್ಪಿತೆಂದು ಎಲ್ಲವನ್ನೂ ಕೈಬಿಡುವವರು ಗಮನಿಸಬೇಕಾದದ್ದು ಇದನ್ನೇ: ಆ ಹೊತ್ತಿಗೆ ಅಭ್ಯಾಸ ಇನ್ನೂ ಎಳೆಯದಾಗಿರುವುದು ಸಹಜ, ಮರುದಿನ ಮುಂದುವರಿಸಿದರೆ ನಷ್ಟವಿಲ್ಲ.

ಹಣ್ಣನ್ನು ಹಾಗೆಯೇ ತಿನ್ನುವುದು ಬಿಟ್ಟು ರುಬ್ಬುವುದೇಕೆ ಎಂಬ ಆಕ್ಷೇಪವಿದೆ. ಅದರಲ್ಲಿ ಬಲವಾದ ಸತ್ಯವಿದೆ. ಅಗಿದು ತಿಂದ ಹಣ್ಣು ಹೊಟ್ಟೆ ತುಂಬಿಸುವಷ್ಟು ಚೆನ್ನಾಗಿ ಕುಡಿದ ಹಣ್ಣು ತುಂಬಿಸುವುದಿಲ್ಲ, ಕುಡಿಯುವಾಗ ಪ್ರಮಾಣವೂ ಗೊತ್ತಾಗದೆ ಏರುತ್ತದೆ. ಸೋಸಿದ ಜ್ಯೂಸಿನಲ್ಲಿ ಚರಟದೊಂದಿಗೆ ಹೋಗುವ ನಾರು ಸ್ಮೂದಿಯಲ್ಲಿ ಉಳಿಯುತ್ತದೆಂಬುದು ನಿಜವಾದರೂ, ಬ್ರಿಟನ್ನಿನ ಆರೋಗ್ಯ ಸೇವೆ ಜ್ಯೂಸು, ಸ್ಮೂದಿ ಎರಡೂ ಸೇರಿ ದಿನಕ್ಕೆ 150 ಮಿ.ಲೀ. ದಾಟಬಾರದೆನ್ನುತ್ತದೆ. ಆದ್ದರಿಂದ ಹಣ್ಣು ತಿನ್ನುವ ರೂಢಿ ಈಗಾಗಲೇ ಇರುವವರು ಅದನ್ನೇ ಉಳಿಸಿಕೊಳ್ಳಲಿ. ಮಧುಮೇಹ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಲಿ. ನಾನು ಹೇಳುತ್ತಿರುವುದು ಬೆಳಗ್ಗೆ ಹಣ್ಣೇ ಮುಟ್ಟದವರ, ಇಲ್ಲವೇ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಸಕ್ಕರೆ ಸುರಿದ ಮಿಲ್ಕ್‌ಶೇಕ್ ಕುಡಿಯುವವರ ವಿಷಯ. ಅಂಥವರಿಗೆ ಸಕ್ಕರೆಯಿಲ್ಲದ ಸಣ್ಣ ಲೋಟ ನಿಸ್ಸಂದೇಹವಾಗಿ ಮೇಲು. ಕರೆಂಟಿಲ್ಲದ ದಿನಕ್ಕೂ ದಾರಿಯಿದೆ. ಬಾಳೆಹಣ್ಣನ್ನು ಕೈಯಲ್ಲಿ ಕಿವುಚಿ, ತೆಂಗಿನ ಹಾಲು, ಏಲಕ್ಕಿ ಸೇರಿಸಿ ರಸಾಯನ ಮಾಡುವುದು ನಮ್ಮ ಮನೆಗಳಿಗೆ ಹೊಸದೇನಲ್ಲ. ಬೆಲ್ಲವನ್ನು ಕಡಿಮೆ ಮಾಡಿದರಾಯಿತು.

ಒಂದು ಲೋಟ ಹಣ್ಣಿನ ರಸಕ್ಕೂ ವ್ಯಕ್ತಿತ್ವಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು. ನಾಳಿನ ತನ್ನ ದಣಿವನ್ನೂ ಅವಸರವನ್ನೂ ಇಂದೇ ಊಹಿಸಿ ಅದಕ್ಕೆ ಅನುಕೂಲ ಮಾಡಿಡುವುದು ಓದಿಗೂ ವ್ಯಾಯಾಮಕ್ಕೂ ಉಳಿತಾಯಕ್ಕೂ ಬೇಕಾದ ಗುಣ. ಅದನ್ನು ಸೋತರೂ ಹೆಚ್ಚು ಕಳೆದುಕೊಳ್ಳದ ಸಣ್ಣ ಕೆಲಸದಲ್ಲಿ ಕಲಿಯುವುದು ಒಳ್ಳೆಯದು. ಅಭ್ಯಾಸವನ್ನು ಯಾವುದಕ್ಕೆ ಕಟ್ಟಿಹಾಕಬೇಕೆಂಬುದನ್ನೂ ಈ ಲೋಟವೇ ಕಲಿಸುತ್ತದೆ. ಬಾದಾಮಿ, ರಸಪುರಿಯ ರುಚಿಗೆ ಕಟ್ಟಿಹಾಕಿದವರದು ಆಷಾಢ ಕಳೆಯುವ ಹೊತ್ತಿಗೆ ಮಾವಿನೊಂದಿಗೇ ಮುಗಿಯುತ್ತದೆ. ಸ್ನಾನ ಮುಗಿಸಿ ಅಡುಗೆಮನೆಗೆ ಬರುವ ಗಳಿಗೆಗೆ ಕಟ್ಟಿದವರು ವರ್ಷವಿಡೀ ಸಿಗುವ ಬಾಳೆ, ಪಪ್ಪಾಯಿಯಲ್ಲಿ ಮುಂದುವರಿಯುತ್ತಾರೆ. ಮಾವು ಅಗ್ಗವಾದ ದಿನಗಳಲ್ಲೇ ಒಂದು ಡಬ್ಬ ತುಂಡುಗಳನ್ನು ಫ್ರೀಜರಿನಲ್ಲಿ ಎತ್ತಿಟ್ಟಿದ್ದರೆ ಶ್ರಾವಣದ ಪಪ್ಪಾಯಿ ಲೋಟಕ್ಕೂ ಎರಡು ತುಂಡು ಸೇರಿಸಿಕೊಳ್ಳಬಹುದು.