ಸಂಖ್ಯೆ ತೀರಿಸಿದರೆ ಸಾಲ ತೀರುವುದೇ?

2009ರ ಜನವರಿಯಲ್ಲಿ ಜಿಂಬಾಬ್ವೆಯ ಕೇಂದ್ರ ಬ್ಯಾಂಕು ಒಂದು ನೋಟು ಹೊರತಂದಿತು. ಒಂದರ ಮುಂದೆ ಹದಿನಾಲ್ಕು ಸೊನ್ನೆ; ನಮ್ಮ ಲೆಕ್ಕದಲ್ಲಿ ಒಂದು ಕೋಟಿ ಕೋಟಿ ಡಾಲರ್. ಹಿಂಬದಿಯಲ್ಲಿ ವಿಕ್ಟೋರಿಯಾ ಜಲಪಾತ ಮತ್ತು ಕಾಡೆಮ್ಮೆ. ಮುಂಬದಿಯಲ್ಲಿ ಒಂದರ ಮೇಲೊಂದು ನಿಂತ ಬಂಡೆಗಳು. ರಾಜಧಾನಿ ಹರಾರೆಯ ಬಳಿ ಎಪ್‌ವರ್ತ್‌ನಲ್ಲಿರುವ ಈ ಬಂಡೆಗಳನ್ನು ಯಾರೂ ಪೇರಿಸಿಟ್ಟದ್ದಲ್ಲ. ಬಿರುಕು ಬಿಟ್ಟ ಗ್ರಾನೈಟನ್ನು ಮಳೆಗಾಳಿ ಸವೆಸಿದ ಬಳಿಕ ಉಳಿದವು ಅವು. ಈಗಲೇ ಉರುಳುತ್ತವೆ ಎನಿಸುತ್ತದೆ, ಆದರೆ ಉರುಳುವುದಿಲ್ಲ.

ಅದೇ ನೋಟಿನಲ್ಲಿ ಗವರ್ನರ್ ಗಿಡಿಯನ್ ಗೊನೊ ಅವರ ಸಹಿಯೊಂದಿಗೆ, ತಂದವರಿಗೆ ಇಷ್ಟು ಹಣ ಕೊಡುತ್ತೇನೆಂಬ ವಾಗ್ದಾನವೂ ಇದೆ. (ನಮ್ಮ ನೋಟಿನಲ್ಲೂ ಅಂಥದೇ ಮಾತಿದೆ, ಓದುವವರು ಕಡಿಮೆ.) 1997ರಲ್ಲಿ ಮಾಜಿ ಹೋರಾಟಗಾರರಿಗೆ ಬಜೆಟ್ಟಿನಲ್ಲಿಲ್ಲದ ಪರಿಹಾರ, 1998ರಿಂದ ಕಾಂಗೋ ಯುದ್ಧ, 2000ದ ಬಳಿಕ ಕುಸಿದ ಕೃಷಿ. ಖರ್ಚಿಗೆ ದಾರಿ ಕಾಣದ ಸರಕಾರ ನೋಟು ಅಚ್ಚು ಹಾಕಿಸಿತು. 2008ರ ಜುಲೈಯಲ್ಲಿ ಹಣದುಬ್ಬರ ಅಧಿಕೃತವಾಗಿಯೇ ಶೇಕಡಾ 23 ಕೋಟಿ ದಾಟಿತ್ತು.

ಇಲ್ಲಿ ಯಾರೂ ಯಾರ ಪೆಟ್ಟಿಗೆಯನ್ನೂ ಒಡೆಯಲಿಲ್ಲ. ಪಾಸ್‌ಬುಕ್ಕಿನ ಸಂಖ್ಯೆ ಹಾಗೆಯೇ ಇತ್ತು. ಮೂವತ್ತು ವರ್ಷ ದುಡಿದವರ ಪಿಂಚಣಿಗೆ ರೊಟ್ಟಿಯೂ ಸಿಗದಾಯಿತು. ಸಾಲಗಾರ ಮಾತ್ರ ಬಿಡಿಗಾಸಿನಲ್ಲಿ ಋಣಮುಕ್ತನಾದ. ಇದು ನ್ಯಾಯವೇ?

ಪ್ರಶ್ನೆ ಹಳೆಯದು. ತಾಮ್ರದ ನಾಣ್ಯದ ಬೆಲೆ ಇಳಿದರೆ ಸಾಲವನ್ನು ಹೇಗೆ ಮರಳಿಸಬೇಕು? ಪಡೆದಷ್ಟೇ ನಾಣ್ಯ ಸಾಕು ಎಂದರು ಇಮಾಮ್ ಅಬೂ ಹನೀಫಾ. ಅವರ ಶಿಷ್ಯ ಅಬೂ ಯೂಸುಫ್ ಒಪ್ಪಲಿಲ್ಲ. ಸಾಲ ಪಡೆದ ದಿನದ ಮೌಲ್ಯ ಕೊಡಬೇಕು ಎಂದರು. ನನಗೆ ಶಿಷ್ಯನ ಮಾತೇ ಸರಿಯೆನಿಸುತ್ತದೆ. ಆದರೆ ಬೆಳಗಿನ ಬೆಲೆ ಸಂಜೆಗೆ ನಿಲ್ಲದ ಊರಿನಲ್ಲಿ ಆ ಮೌಲ್ಯವನ್ನು ಅಳೆಯುವುದು ಯಾವುದರಿಂದ? ಸಾಲಗಾರನ ಕೂಲಿಯೂ ಕರಗಿಹೋಗಿತ್ತಲ್ಲ? ಇಬ್ಬರು ಬಡವರನ್ನು ಪರಸ್ಪರ ತಕ್ಕಡಿಯಲ್ಲಿಟ್ಟು ತೂಗುತ್ತಾ ಕೂತರೆ ಅಚ್ಚು ಹಾಕಿಸಿದವನು ತಕ್ಕಡಿಯ ಹೊರಗೇ ಉಳಿಯುತ್ತಾನೆ.

ಅವನ ಸರದಿ ಬಂದದ್ದು 2015ರಲ್ಲಿ. ಹಳೆಯ ಹಣವನ್ನು ರದ್ದುಪಡಿಸಿದ ಬ್ಯಾಂಕು ಆ ಕೋಟಿ ಕೋಟಿಯ ನೋಟಿಗೆ 40 ಅಮೆರಿಕನ್ ಸೆಂಟ್ ನಿಗದಿ ಮಾಡಿತು. ಖಾತೆಯಲ್ಲಿ 1750 ಕೋಟಿ ಕೋಟಿಯವರೆಗೆ ಎಷ್ಟೇ ಇದ್ದರೂ 5 ಡಾಲರ್. ಇತ್ತ ಸಂಗ್ರಾಹಕರು ಬಂಡೆಗಳ ಆ ನೋಟಿಗೆ ಅದರ ಹಲವು ಪಟ್ಟು ಬೆಲೆ ಕೊಡತೊಡಗಿದ್ದರು. ಬ್ಯಾಂಕನ್ನು ನಂಬಿ ಖಾತೆಯಲ್ಲಿಟ್ಟವರ ಬಳಿ ಮಾರಲು ಆ ನೋಟೂ ಇರಲಿಲ್ಲ.