ಗಗನಯಾತ್ರೆಯೂ ಧನಿಕರ ಒಡೆತನವೂ

2021ನೆಯ ಇಸವಿಯ ಡಿಸೆಂಬರ್ ತಿಂಗಳ ಒಂದು ಸಂಜೆ. ಕರಾವಳಿಯ ನಮ್ಮ ಊರಿನಲ್ಲಿ ಪ್ರವಚನ ಮುಗಿಸಿಕೊಂಡು ಹೊರಬಂದವರು, ಆಕಾಶದಲ್ಲಿ ದೀಪಗಳ ಸಾಲೊಂದು ಸದ್ದಿಲ್ಲದೆ ಸಾಗುತ್ತಿರುವುದನ್ನು ಕಂಡು ಬೆರಗಾಗಿ ನಿಂತರು. ಧೂಮಕೇತುವೆಂದರು ಒಬ್ಬರು, ಏನೋ ಉತ್ಪಾತಸೂಚನೆಯೆಂದರು ಮತ್ತೊಬ್ಬರು. ಅವು ಅಮೆರಿಕದ ಸ್ಪೇಸ್‌ಎಕ್ಸ್ ಎಂಬ ಖಾಸಗಿ ಕಂಪೆನಿಯು ಹಾರಿಬಿಟ್ಟ ಸ್ಟಾರ್‌ಲಿಂಕ್ ಉಪಗ್ರಹಗಳೆಂಬುದು ಬಳಿಕ ಪತ್ರಿಕೆಗಳಿಂದ ತಿಳಿದುಬಂತು. ಆಗ ವೃದ್ಧರೊಬ್ಬರು, “ಇದಕ್ಕೆ ಅವರು ಯಾರನ್ನು ಕೇಳಿದರು?” ಎಂದು ನಮ್ಮನ್ನು ವಿಚಾರಿಸಿದರು. “ಅವರ ಸರಕಾರವನ್ನು ಕೇಳಿರಬೇಕು” ಎಂದು ಹೇಳಿ ನಾವು ಮನೆಯ ಹಾದಿ ಹಿಡಿದೆವು. ಉತ್ತರ ತಪ್ಪಾಗಿರಲಿಲ್ಲ. ಆದರೆ ಆ ಪ್ರಶ್ನೆಗೆ ಅಷ್ಟೇ ಸಮಾಧಾನವಲ್ಲವೆಂಬುದು ದಿನ ಕಳೆದಂತೆ ನಮಗೆ ಮನವರಿಕೆಯಾಗುತ್ತ ಬಂದಿದೆ.

ಅಂತರಿಕ್ಷಯಾನವನ್ನು ಕೋಟ್ಯಧಿಪತಿಗಳು ಮುನ್ನಡೆಸುವುದು ಯುಕ್ತವೇ ಎಂಬ ಚರ್ಚೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪವೆಂದರೆ, ಭೂಮಿಯ ಮೇಲೆ ಹಸಿದವರಿರುವಾಗ ಇಷ್ಟು ಹಣವನ್ನು ಆಕಾಶಕ್ಕೆ ಸುರಿಯಬಹುದೇ ಎಂಬುದು. ಈ ಆಕ್ಷೇಪ ಹೊಸದಲ್ಲ, ಧನಿಕರಿಗೆ ಮಾತ್ರ ಅನ್ವಯಿಸುವಂಥದೂ ಅಲ್ಲ. 1969ರ ಜುಲೈ ತಿಂಗಳಲ್ಲಿ ಮನುಷ್ಯನನ್ನು ಚಂದ್ರನಲ್ಲಿಗೆ ಕೊಂಡೊಯ್ಯಲು ಅಪೊಲೊ 11 ಸಿದ್ಧವಾಗಿ ನಿಂತಿದ್ದಾಗ, ಮಾರ್ಟಿನ್ ಲೂಥರ್ ಕಿಂಗ್ ಅವರ ಉತ್ತರಾಧಿಕಾರಿಯೆನಿಸಿದ್ದ ರಾಲ್ಫ್ ಅಬರ್ನಾಥಿ ಎಂಬ ಪಾದ್ರಿಗಳು ಬಡ ಕುಟುಂಬಗಳನ್ನು ಕಟ್ಟಿಕೊಂಡು, ಹೇಸರಗತ್ತೆಗಳು ಎಳೆಯುವ ಬಂಡಿಯೊಡನೆ ಉಡಾವಣಾ ಕೇಂದ್ರದ ಬಳಿಗೆ ಬಂದರು. ಉಡಾವಣೆಯ ಹಿಂದಿನ ದಿನವದು. ನಾಸಾ ಸಂಸ್ಥೆಯ ಮುಖ್ಯಾಧಿಕಾರಿ ಥಾಮಸ್ ಪೇಯ್ನ್ ಅವರು ತಾವೇ ಹೊರಬಂದು ಬಯಲಿನಲ್ಲಿ ನಿಂತು ಅವರ ಮಾತನ್ನು ಕೇಳಿದರು. ನಾಳೆ ಗುಂಡಿಯನ್ನು ಒತ್ತದೆ ಬಿಟ್ಟರೆ ಬಡತನ ನೀಗುವುದಾದರೆ ತಾವು ಒತ್ತುವುದಿಲ್ಲವೆಂದೂ, ಆದರೆ ಈ ಬಡತನದ ಮುಂದೆ ಚಂದ್ರಯಾನವು ಮಕ್ಕಳಾಟವೆನ್ನುವಷ್ಟು ಸುಲಭವೆಂದೂ ಪೇಯ್ನ್ ಹೇಳಿದರಂತೆ. ಗಗನಯಾತ್ರಿಗಳ ಕ್ಷೇಮಕ್ಕಾಗಿ ಪ್ರಾರ್ಥಿಸಿರೆಂದು ಬೇಡಿದರು, ಅಬರ್ನಾಥಿಯವರು ಒಪ್ಪಿದರು. ಮರುದಿನ ಆ ಬಡ ಕುಟುಂಬಗಳಲ್ಲಿ ಕೆಲವಕ್ಕೆ ಗಣ್ಯರ ಸಾಲಿನಲ್ಲಿ ಕುಳಿತು ಉಡಾವಣೆ ನೋಡುವ ಅವಕಾಶವೂ ದೊರೆಯಿತು.

ಈ ವೃತ್ತಾಂತವನ್ನು ಓದಿದಾಗಲೆಲ್ಲ ನಮ್ಮ ಮನಸ್ಸು ನಿಲ್ಲುವುದು ಪೇಯ್ನ್ ಅವರ ಉತ್ತರದಲ್ಲಲ್ಲ. ಆ ಉತ್ತರದಿಂದ ಹಸಿದವರ ಹೊಟ್ಟೆ ತುಂಬಲಿಲ್ಲ. ಅವರು ಹೊರಗೆ ಬಂದರು ಎಂಬುದರಲ್ಲಿ ನಿಲ್ಲುತ್ತದೆ. ಅಬರ್ನಾಥಿಯವರಿಗೆ ಯಾರನ್ನು ಕರೆಯಬೇಕೆಂದು ತಿಳಿದಿತ್ತು, ಕರೆಸಿಕೊಂಡವರಿಗೆ ತಾವು ಬರಲೇಬೇಕೆಂದು ತಿಳಿದಿತ್ತು. ಏಕೆಂದರೆ ಹಣ ಪ್ರಜೆಗಳದು, ಕೆಲಸ ಪ್ರಜೆಗಳ ಹೆಸರಿನದು. ಅಪೊಲೊ 11 ಮೇಲೆದ್ದ 39ಎ ಎಂಬ ಉಡಾವಣಾ ವೇದಿಕೆಯನ್ನು 2014ರಲ್ಲಿ ನಾಸಾ ಸಂಸ್ಥೆಯೇ ಇಪ್ಪತ್ತು ವರ್ಷಗಳ ಗೇಣಿಗೆ ಸ್ಪೇಸ್‌ಎಕ್ಸ್ ಕಂಪೆನಿಗೆ ವಹಿಸಿಕೊಟ್ಟಿತು. ಅಬರ್ನಾಥಿಯವರ ಬಂಡಿ ಇಂದು ಅಲ್ಲಿಗೆ ಬಂದರೆ ಯಾರನ್ನು ಹೊರಗೆ ಕರೆಯಬೇಕು?

ಹಾಗೆಂದು ಖಾಸಗಿಯವರ ಸಾಧನೆಯನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ನಿರೂಪಿಸದೆ ಖಂಡಿಸಹೊರಡುವುದು ವಾದವೆನಿಸುವುದಿಲ್ಲವೆಂದು ಪಾಠಶಾಲೆಯಲ್ಲಿ ನಮಗೆ ಕಲಿಸಿದ್ದಾರೆ. 2011ರ ಜುಲೈನಲ್ಲಿ ಷಟಲ್ ನೌಕೆಗಳು ನಿವೃತ್ತವಾದ ಮೇಲೆ ಸುಮಾರು ಒಂಬತ್ತು ವರ್ಷ ಅಮೆರಿಕಕ್ಕೆ ತನ್ನ ಯಾತ್ರಿಗಳನ್ನು ಕಳುಹಿಸಲು ಸ್ವಂತ ವಾಹನವೇ ಇರಲಿಲ್ಲ. ರಷ್ಯದ ಸೋಯುಜ್ ನೌಕೆಯಲ್ಲಿ ಹಣ ತೆತ್ತು ಸ್ಥಳ ಪಡೆಯಬೇಕಾಗಿತ್ತು. ಆ ಕೊರತೆಯನ್ನು 2020ರ ಮೇ 30ರಂದು ನೀಗಿಸಿದ್ದು ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್ ನೌಕೆ. ಒಮ್ಮೆ ಹಾರಿದ ರಾಕೆಟ್ಟಿನ ಮೊದಲ ಹಂತವನ್ನು ನೆಟ್ಟಗೆ ನೆಲಕ್ಕಿಳಿಸಿ ಮರಳಿ ಬಳಸುವ ವಿದ್ಯೆಯನ್ನು 2015ರಿಂದೀಚೆಗೆ ಆ ಕಂಪೆನಿ ಸಾಧಿಸಿತು; ಅದರಿಂದ ಉಡಾವಣೆಯ ವೆಚ್ಚ ಬಹಳವಾಗಿ ಇಳಿಯಿತು. ಎಂಟು ದಿನಕ್ಕೆಂದು ಹೋಗಿ ಒಂಬತ್ತು ತಿಂಗಳು ಅಂತರಿಕ್ಷ ನಿಲ್ದಾಣದಲ್ಲಿ ಉಳಿಯಬೇಕಾಗಿ ಬಂದ ಸುನೀತಾ ವಿಲಿಯಮ್ಸ್ ಅವರನ್ನು 2025ರ ಮಾರ್ಚ್ 18ರಂದು ಸುರಕ್ಷಿತವಾಗಿ ಕರೆತಂದದ್ದೂ ಡ್ರ್ಯಾಗನ್ನೇ. ಅವರು ಹೋಗಿದ್ದ ಸ್ಟಾರ್‌ಲೈನರ್ ಕೂಡ ಖಾಸಗಿ ಕಂಪೆನಿಯದೇ ಎಂಬುದು ಬೇರೆ ಮಾತು.

“ಅವರು ತಮ್ಮ ಹಣವನ್ನು ತಮಗೆ ಬೇಕಾದಂತೆ ವ್ಯಯಿಸುತ್ತಾರೆ, ನಿಮಗೇನು?” ಎಂದು ಕೇಳುವವರಿದ್ದಾರೆ. ಹಣವೆಲ್ಲವೂ ಅವರದೇ ಅಲ್ಲ. 2008ರ ಡಿಸೆಂಬರಿನಲ್ಲಿ, ಅಂದರೆ ನಾಲ್ಕನೆಯ ಪ್ರಯತ್ನದಲ್ಲಿ ಮೊತ್ತಮೊದಲ ರಾಕೆಟ್ಟು ಕಕ್ಷೆ ಸೇರಿ ಮೂರು ತಿಂಗಳೂ ತುಂಬುವ ಮೊದಲು, ಸ್ಪೇಸ್‌ಎಕ್ಸ್‌ಗೆ ದೊರೆತದ್ದು 160 ಕೋಟಿ ಡಾಲರುಗಳ ಸರಕಾರಿ ಗುತ್ತಿಗೆ. 2021ರ ಜುಲೈ 20ರಂದು ಸುಮಾರು ಹತ್ತು ನಿಮಿಷಗಳ ಯಾನ ಮುಗಿಸಿ ಇಳಿದ ಜೆಫ್ ಬೆಜೋಸ್ ಅವರು, ಇದಕ್ಕೆಲ್ಲ ಹಣ ತೆತ್ತವರು ನೀವೇ ಎಂದು ಅಮೆಜಾನ್ ಕಂಪೆನಿಯ ನೌಕರರಿಗೂ ಗಿರಾಕಿಗಳಿಗೂ ಧನ್ಯವಾದ ಹೇಳಿದರು. ಕೇಳಿದವರಲ್ಲಿ ಕೆಲವರು ನಕ್ಕರು, ಹಲವರು ಸಿಟ್ಟಾದರು. ನಮಗೆ ತೋರುವಂತೆ ಅಂದು ಅವರು ಆಡಿದ್ದು ಯಥಾರ್ಥವನ್ನೇ.

ಇನ್ನು ಇದೆಲ್ಲ ಮಾನವಕುಲಕ್ಕೆ ಅವರು ಮಾಡುತ್ತಿರುವ ಉಪಕಾರವೆಂಬ ಮಾತು. ಇಲ್ಲಿ ಸ್ವಲ್ಪ ವಿಚಾರ ಮಾಡಬೇಕಾಗಿದೆ. ತನ್ನ ಒಡೆತನವನ್ನು ಬಿಟ್ಟು ಮತ್ತೊಬ್ಬರಲ್ಲಿ ಒಡೆತನವನ್ನು ಉಂಟುಮಾಡುವುದೇ ದಾನವೆಂಬುದು ನಮ್ಮ ಧರ್ಮಶಾಸ್ತ್ರಕಾರರ ನಿರ್ಣಯ. ಕೊಟ್ಟ ಹಸುವಿನ ಹಗ್ಗವನ್ನು ತನ್ನ ಕೈಯಲ್ಲೇ ಹಿಡಿದುಕೊಂಡಿದ್ದರೆ ಅದು ದಾನವಾಗದು. ಅಮೆರಿಕದಲ್ಲಿಯೇ ಇದಕ್ಕೆ ಹಳೆಯ ನಿದರ್ಶನವುಂಟು. ಜೇಮ್ಸ್ ಲಿಕ್ ಎಂಬಾತ ಪಿಯಾನೊ ವಾದ್ಯಗಳನ್ನು ತಯಾರಿಸಿ, ಅನಂತರ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಭೂಮಿ ಕೊಂಡು ಅಪಾರ ಐಶ್ವರ್ಯ ಗಳಿಸಿದವನು. ಮೊದಲು ತನ್ನ ನೆನಪಿಗೆ ಪಿರಮಿಡ್ ಒಂದನ್ನು ಕಟ್ಟಿಸಬೇಕೆಂದಿದ್ದನಂತೆ! ತಿಳಿದವರು ಹೇಳಿದ ಮೇಲೆ ಮನಸ್ಸು ಬದಲಿಸಿ, ಜಗತ್ತಿನ ಅತಿ ದೊಡ್ಡ ದೂರದರ್ಶಕಕ್ಕಾಗಿ ಏಳು ಲಕ್ಷ ಡಾಲರುಗಳನ್ನು ಕೊಟ್ಟನು. 1876ರಲ್ಲಿ ತೀರಿಕೊಂಡನು. ಆ ವೀಕ್ಷಣಾಲಯ 1888ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಮೂವತ್ತಾರು ಅಂಗುಲದ ಆ ದೂರದರ್ಶಕದ ಬುಡದಲ್ಲಿಯೇ ಅವನ ಸಮಾಧಿಯಿದೆ. ಕೀರ್ತಿಯ ಆಸೆ ಅವನಿಗಿರಲಿಲ್ಲವೆಂದು ಹೇಳಲಾಗದು; ಆದರೆ ದೂರದರ್ಶಕವನ್ನು ಇಂದು ಯಾವ ನಕ್ಷತ್ರದತ್ತ ತಿರುಗಿಸಬೇಕೆಂದು ಹೇಳುವ ಅಧಿಕಾರವನ್ನು ಅವನು ಉಳಿಸಿಕೊಳ್ಳಲಿಲ್ಲ. ಈಗಿನವರು ಹಗ್ಗವನ್ನು ಬಿಟ್ಟಿಲ್ಲ.

ಹಗ್ಗ ಕೈಯಲ್ಲಿದ್ದರೆ ಏನಾಗಬಹುದೆಂಬುದು 2025ರ ಜೂನ್ 5ರಂದು ಲೋಕಕ್ಕೆಲ್ಲ ತಿಳಿಯಿತು. ಅಂದು ಅಧ್ಯಕ್ಷ ಟ್ರಂಪ್ ಅವರಿಗೂ ಇಲಾನ್ ಮಸ್ಕ್ ಅವರಿಗೂ ಬಹಿರಂಗವಾಗಿ ಜಗಳ ಹತ್ತಿತು. ಮಸ್ಕ್ ಅವರ ಸರಕಾರಿ ಗುತ್ತಿಗೆಗಳನ್ನು ಕಡಿದುಹಾಕುವ ಮಾತನ್ನು ಅಧ್ಯಕ್ಷರು ಆಡಿದರು. ಹಾಗಾದರೆ ಡ್ರ್ಯಾಗನ್ ನೌಕೆಯನ್ನು ಈ ಕ್ಷಣದಿಂದಲೇ ಸೇವೆಯಿಂದ ತೆಗೆಯುತ್ತೇವೆಂದು ಮಸ್ಕ್ ಘೋಷಿಸಿದರು. ಆ ಹೊತ್ತಿನಲ್ಲಿ ನಿಲ್ದಾಣದಲ್ಲಿದ್ದ ಏಳು ಜನರಲ್ಲಿ ನಾಲ್ವರು ಹೋದದ್ದು ಡ್ರ್ಯಾಗನ್ನಿನಲ್ಲಿ, ಮರಳಬೇಕಾಗಿದ್ದದ್ದೂ ಅದರಲ್ಲಿಯೇ. ಅಮೆರಿಕಕ್ಕೆ ಯಾತ್ರಿಗಳನ್ನು ಕಳುಹಿಸಲು ನೆಚ್ಚಬಹುದಾದ ಬೇರೆ ಸ್ವಂತ ವಾಹನ ಆಗ ಇರಲಿಲ್ಲ. ಕೆಲವು ಗಂಟೆಗಳ ಬಳಿಕ ಯಾರೋ ಒಬ್ಬ ಅಪ್ರಸಿದ್ಧ ವ್ಯಕ್ತಿ, ಒಂದೆರಡು ದಿನ ತಣ್ಣಗಿರಿ ಎಂದು ಬರೆದರು. ಒಳ್ಳೆಯ ಸಲಹೆಯೆಂದು ಹೇಳಿ ಮಸ್ಕ್ ಮಾತನ್ನು ಹಿಂತೆಗೆದುಕೊಂಡರು. ಆ ಅಪರಿಚಿತನಿಗೆ ಯಾವ ಪದವಿಯೂ ಇರಲಿಲ್ಲ. ಲೋಕವು ಅವನಿಗೆ ಕೃತಜ್ಞವಾಗಿರಬೇಕು.

ಮಸ್ಕ್ ಅವರು ನಿಜವಾಗಿಯೂ ಹಾಗೆ ಮಾಡುತ್ತಿರಲಿಲ್ಲ, ಗುತ್ತಿಗೆಯ ಕಟ್ಟುಪಾಡುಗಳಿದ್ದವು ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಇರಬಹುದು. ಕೋಪದಲ್ಲಿ ಆಡಿದ ಮಾತಿಗೆ ಹೆಚ್ಚು ಅರ್ಥ ಕಟ್ಟಬಾರದು. ಆದರೆ ಕೋಪ ಬಂದಾಗ ಹೀಗೊಂದು ಮಾತನ್ನು ಆಡಬಲ್ಲ ಸ್ಥಾನದಲ್ಲಿ ಒಬ್ಬನೇ ವ್ಯಕ್ತಿ ಕುಳಿತಿರುವುದೇ ನಮ್ಮ ಆತಂಕಕ್ಕೆ ಕಾರಣ. ಆತ ಸಜ್ಜನನೋ ಅಲ್ಲವೋ ಎಂಬುದು ಇಲ್ಲಿ ಗೌಣ. ಸರಕಾರಗಳು ಸಾಧುಗಳೆಂದು ನಾವು ಹೇಳುತ್ತಿಲ್ಲ. 2007ರಲ್ಲಿ ಚೀನವು ತನ್ನದೇ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆದು ಕಕ್ಷೆಯಲ್ಲಿ ಸಾವಿರಾರು ಚೂರುಗಳನ್ನು ಹರಡಿತು. 2019ರಲ್ಲಿ ನಮ್ಮ ದೇಶವೂ, ಕೆಳಗಿನ ಕಕ್ಷೆಯಲ್ಲಿಯಾದರೂ, ಅಂಥದೇ ಪರೀಕ್ಷೆ ನಡೆಸಿತು. ಜೂನ್ 5ರ ಜಗಳದಲ್ಲಿಯೂ ಮೊದಲು ಬೆದರಿಕೆ ಹಾಕಿದವರು ಅಧ್ಯಕ್ಷರೇ. ಆದರೂ ಅಧ್ಯಕ್ಷರಿಗೆ ಅವಧಿಯೆಂಬುದುಂಟು, ಸಂಸತ್ತೆಂಬುದುಂಟು, ಪುನಃ ಪ್ರಜೆಗಳ ಮುಂದೆ ನಿಲ್ಲುವ ದಿನವುಂಟು.

ಅಂದು ವೃದ್ಧರು ಕೇಳಿದ ಪ್ರಶ್ನೆಗೆ ಮರಳೋಣ. ಸ್ಟಾರ್‌ಲಿಂಕಿಗೆ 2018ರಲ್ಲಿ ಅನುಮತಿ ಕೊಟ್ಟದ್ದು ಅಮೆರಿಕದ ಸಂಪರ್ಕ ಆಯೋಗ. 2019ರ ಮೇ ತಿಂಗಳಲ್ಲಿ ಅರವತ್ತು ಉಪಗ್ರಹಗಳು ಮೇಲೇರಿದವು. 2025ರಲ್ಲಿ ಅವುಗಳ ಸಂಖ್ಯೆ ಎಂಟು ಸಾವಿರವನ್ನು ಮೀರಿತು. ದೂರದ ಹಳ್ಳಿಗಳಿಗೂ ನಡುಗಡಲಿನ ಹಡಗುಗಳಿಗೂ ಅವುಗಳಿಂದ ಸಂಪರ್ಕ ದೊರೆಯಿತೆಂಬುದು ಸತ್ಯ. 2019ರ ನವೆಂಬರಿನಲ್ಲಿ ಚಿಲಿ ದೇಶದ ಸೆರೊ ಟೊಲೊಲೊ ವೀಕ್ಷಣಾಲಯದವರು ತೆಗೆಯುತ್ತಿದ್ದ ಒಂದೇ ಚಿತ್ರದಲ್ಲಿ ಹತ್ತೊಂಬತ್ತು ಉಪಗ್ರಹಗಳು ಗೀರುಗಳನ್ನು ಎಳೆದುಹೋದವೆಂಬುದೂ ಅಷ್ಟೇ ಸತ್ಯ. ಚಿಲಿಯ ಖಗೋಳಜ್ಞರನ್ನಾಗಲಿ ನಮ್ಮ ಊರಿನ ಮುದುಕರನ್ನಾಗಲಿ ಯಾರೂ ಕೇಳಿರಲಿಲ್ಲ. 1967ರ ಬಾಹ್ಯಾಕಾಶ ಒಪ್ಪಂದವು ಅಂತರಿಕ್ಷದ ಅನ್ವೇಷಣೆಯನ್ನು ಸಮಸ್ತ ಮಾನವಕುಲಕ್ಕೆ ಸೇರಿದ್ದೆಂದು ಸಾರುತ್ತದೆ. ಖಾಸಗಿಯವರು ಅಲ್ಲಿ ಏನು ಮಾಡಿದರೂ ಅವರವರ ರಾಷ್ಟ್ರವೇ ಹೊಣೆ, ರಾಷ್ಟ್ರವು ಅನುಮತಿ ಕೊಟ್ಟು ಸುಮ್ಮನಾಗದೆ ಸತತವಾಗಿ ಮೇಲ್ವಿಚಾರಣೆ ನಡೆಸಬೇಕು ಎಂದು ಅದರ ಆರನೆಯ ವಿಧಿ ಹೇಳುತ್ತದೆ. ಭಾರತವೂ ಅದರಲ್ಲಿ ಸೇರಿದೆ. ಆದರೆ ಯಾರನ್ನು ಮೇಲ್ವಿಚಾರಣೆ ಮಾಡಬೇಕೋ ಅವರ ವಾಹನವಿಲ್ಲದೆ ತನ್ನ ಜನರನ್ನು ಮನೆಗೆ ಕರೆತರಲಾರದ ರಾಷ್ಟ್ರ ಎಂಥ ಮೇಲ್ವಿಚಾರಣೆ ನಡೆಸೀತು?

ಇದು ಪರದೇಶದ ಸಮಾಚಾರವೆಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಆ ಜಗಳ ನಡೆದ ಇಪ್ಪತ್ತು ದಿನಗಳ ಮೇಲೆ, 2025ರ ಜೂನ್ 25ರಂದು, ನಮ್ಮ ಶುಭಾಂಶು ಶುಕ್ಲಾ ಅವರು ನಿಲ್ದಾಣಕ್ಕೆ ಹೊರಟದ್ದು ಅದೇ ಡ್ರ್ಯಾಗನ್ನಿನಲ್ಲಿ, ಅದೇ 39ಎ ವೇದಿಕೆಯಿಂದ. ಅಂದು ನಾವೂ ಮನೆಮಂದಿಯೊಡನೆ ಕುಳಿತು ನೋಡಿ ಹರ್ಷಿಸಿದವರೇ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಇಸ್ರೋ ಸಂಸ್ಥೆಯ ಪಕ್ಕದಲ್ಲಿ ಖಾಸಗಿಯವರಿಗೂ ಸ್ಥಳ ಮಾಡಿಕೊಡಬೇಕೆಂದು ನಮ್ಮ ಸರಕಾರ 2020ರಲ್ಲಿ ನಿಶ್ಚಯಿಸಿತು; 2022ರ ನವೆಂಬರ್ 18ರಂದು ಹೈದರಾಬಾದಿನ ಯುವಕರು ಕಟ್ಟಿದ ವಿಕ್ರಮ್-ಎಸ್ ಎಂಬ ಮೊದಲ ಖಾಸಗಿ ರಾಕೆಟ್ಟು ಶ್ರೀಹರಿಕೋಟೆಯಿಂದ ಹಾರಿತು. ಸಂತೋಷ. ಆದರೆ 2017ರಲ್ಲಿಯೇ ಕರಡಾಗಿ ಪ್ರಕಟವಾಗಿದ್ದ ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯು, 2023ರಲ್ಲಿ ಹೊಸ ನೀತಿ ಘೋಷಿತವಾದಾಗಲೂ ಕಾಯಿದೆಯಾಗಿರಲಿಲ್ಲ. ನಮ್ಮಲ್ಲಿ ಇನ್ನೂ ಯಾವ ಕೋಟ್ಯಧಿಪತಿಯ ಕೈಗೂ ಹಗ್ಗ ಸೇರಿಲ್ಲ. ವೃದ್ಧರ ಪ್ರಶ್ನೆಯನ್ನು ಇಲ್ಲಿ ಕೇಳಲು ಈಗ ಸಮಯವಿದೆ.