ಅಭಿಮಾನಿಯನ್ನು ಅರಿಯುವುದೆಂದರೆ...

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಸತ್ತರು. ತಮ್ಮ ಊರಿನ ಕ್ರಿಕೆಟ್ ತಂಡ ಕೊನೆಗೂ ಕಪ್ ಗೆದ್ದ ಸಂಭ್ರಮವನ್ನು ಕಣ್ತುಂಬಿಕೊಳ್ಳಲು ಹೋದವರು ಅವರು. ಹೆಚ್ಚಿನವರು ಎಳೆಯರು. ಸುದ್ದಿ ಕೇಳಿ ನಾವು ಮರುಗಿದೆವು. ಆದರೆ ಮರುಕದ ಬೆನ್ನಲ್ಲೇ ನಮ್ಮ ಬಾಯಿಂದ ಇನ್ನೊಂದು ಮಾತೂ ಹೊರಟಿತು: ಅಲ್ಲಿಗೆ ಹೋಗುವ ಹುಚ್ಚು ಇವರಿಗೇಕೆ ಬೇಕಿತ್ತು? ಸತ್ತವರ ಮೇಲೆ ತೀರ್ಪು ನೀಡಲು ನಮಗೆ ಒಂದು ದಿನವೂ ಬೇಕಾಗಲಿಲ್ಲ. ಇನ್ನೊಬ್ಬರ ಪ್ರೀತಿಯನ್ನು ಹುಚ್ಚೆಂದು ಕರೆಯುವ ಹಕ್ಕು ನಮಗಿದೆಯೇ?

ಇಂಥ ಪ್ರಶ್ನೆಗಳ ಸುತ್ತ ವಿಶ್ವವಿದ್ಯಾಲಯಗಳಲ್ಲಿ ಒಂದು ಅಧ್ಯಯನ ಶಾಖೆಯೇ ಬೆಳೆದಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಫ್ಯಾನ್ ಸ್ಟಡೀಸ್ ಎಂದು ಹೆಸರು. ಫ್ಯಾನ್ ಎಂಬುದು ಫೆನಾಟಿಕ್ ಎಂಬುದರ ಮೊಟಕು ರೂಪ. ಅಂದರೆ ಉನ್ಮತ್ತ, ಮತಾಂಧ. ಹೆಸರಿನಲ್ಲೇ ಆರೋಪವಿದೆ. ಕನ್ನಡದ ಅಭಿಮಾನಿ ಎಂಬ ಪದ ಹಾಗಲ್ಲ. ಅಭಿಮಾನವೆಂದರೆ ಪ್ರೀತಿ, ಹೆಮ್ಮೆ, ಆತ್ಮಗೌರವ ಎಲ್ಲವೂ ಹೌದು. ಅದು ಹದ ತಪ್ಪಿದರೆ ದುರಭಿಮಾನ ಎನ್ನಲು ನಮ್ಮಲ್ಲಿ ಬೇರೆ ಪದವೇ ಇದೆ. ಆದರೆ ಈ ವ್ಯತ್ಯಾಸವನ್ನು ನಮ್ಮ ಭಾಷೆ ನೆನಪಿಟ್ಟುಕೊಂಡಷ್ಟು ನಾವು ನೆನಪಿಟ್ಟುಕೊಂಡಿಲ್ಲ.

1992ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಅಮೆರಿಕದ ವಿದ್ವಾಂಸೆ ಜೋಲಿ ಜೆನ್ಸನ್ ಈ ಮರೆವನ್ನೇ ಪ್ರಶ್ನಿಸಿದರು. ಅಭಿಮಾನಿ ಎಂದೊಡನೆ ಜನರ ಮನಸ್ಸಿನಲ್ಲಿ ಮೂಡುವ ಚಿತ್ರಗಳು ಎರಡೇ: ಒಂದು, ತಾರೆಯ ಗುಂಗಿನಲ್ಲಿ ಬಾಳು ಕೆಡಿಸಿಕೊಂಡ ಒಂಟಿ ವ್ಯಕ್ತಿ, ಇನ್ನೊಂದು, ಉನ್ಮಾದದ ಗುಂಪು. ಆದರೆ ಪ್ರಾಧ್ಯಾಪಕರೊಬ್ಬರು ಜೇಮ್ಸ್ ಜಾಯ್ಸ್‌ನ ಬರಹಗಳಿಗೆ ಆಯುಷ್ಯ ಮುಡಿಪಿಟ್ಟರೆ ಅದನ್ನು ವಿದ್ವತ್ತು ಎನ್ನುತ್ತೇವೆ. ಜನಪ್ರಿಯ ಹಾಡುಗಾರನ ಮೇಲಿನ ಅಷ್ಟೇ ಒಲವನ್ನು ರೋಗ ಎನ್ನುತ್ತೇವೆ. ವಾಸ್ತವದಲ್ಲಿ ಇಲ್ಲಿ ಬದಲಾದದ್ದು ಪ್ರೀತಿಯಲ್ಲ, ಪ್ರೀತಿಸುವವನ ಸ್ಥಾನಮಾನ.

ಅದೇ ವರ್ಷ ಹೆನ್ರಿ ಜೆಂಕಿನ್ಸ್ ಅವರ ‘ಟೆಕ್ಸ್ಟುವಲ್ ಪೋಚರ್ಸ್’ ಎಂಬ ಗ್ರಂಥ ಬಂತು. ‘ಸ್ಟಾರ್ ಟ್ರೆಕ್’ ಮೊದಲಾದ ಟಿ.ವಿ. ಧಾರಾವಾಹಿಗಳ ಅಭಿಮಾನಿಗಳು ಸುಮ್ಮನೆ ಕುಳಿತು ನೋಡುವವರಲ್ಲ, ಪಾತ್ರಗಳನ್ನಿಟ್ಟುಕೊಂಡು ತಮ್ಮದೇ ಕಥೆ ಬರೆಯುವವರು, ತಯಾರಕರೊಂದಿಗೆ ಜಗಳಕ್ಕೂ ನಿಲ್ಲುವವರು ಎಂದು ಅವರು ತೋರಿಸಿದರು. ಜೆಂಕಿನ್ಸ್ ಸ್ವತಃ ಅಭಿಮಾನಿ. ಅದನ್ನವರು ಬಚ್ಚಿಡಲಿಲ್ಲ. ಬರೆದ ಕರಡನ್ನು ಅಭಿಮಾನಿಗಳಿಗೇ ಕೊಟ್ಟು ಅವರ ಅಭಿಪ್ರಾಯ ಕೇಳಿದರು. ಯಾರ ಬಗ್ಗೆ ಮಾತಾಡುತ್ತೇವೋ ಅವರಿಗೆ ಉತ್ತರಿಸುವ ಅವಕಾಶ ಕೊಡುವುದು ಕೇವಲ ಸಂಶೋಧನೆಯ ಕ್ರಮವಲ್ಲ, ನ್ಯಾಯದ ಮೊದಲ ಪಾಠ.

ಹಾಗಾದರೆ ಅನುಕಂಪದಿಂದ ಕೇಳಿಸಿಕೊಂಡರೆ ಸಾಕೇ? ಸಾಲದು ಎಂಬುದಕ್ಕೂ 1992ರದ್ದೇ ಒಂದು ಪುಸ್ತಕವಿದೆ: ಎಂ.ಎಸ್.ಎಸ್. ಪಾಂಡ್ಯನ್ ಅವರ ‘ದಿ ಇಮೇಜ್ ಟ್ರ್ಯಾಪ್’. ತೆರೆಯ ಮೇಲೆ ಬಡವರ ಬಂಧುವಾಗಿದ್ದ ಎಂ.ಜಿ. ರಾಮಚಂದ್ರನ್ ತಮಿಳುನಾಡಿನ ಮುಖ್ಯಮಂತ್ರಿಯಾದಾಗ ಅವರ ಆಡಳಿತದ ಹೊರೆ ಬಿದ್ದದ್ದು ಬಡವರ ಮೇಲೆಯೇ. ಆದರೂ ಬಡವರು ಅವರ ಕೈ ಬಿಡಲಿಲ್ಲ. ಏಕೆ ಎಂಬುದೇ ಪಾಂಡ್ಯನ್ ಅವರನ್ನು ಕಾಡಿದ ಪ್ರಶ್ನೆ. ಮುಂದೆ ಎಸ್.ವಿ. ಶ್ರೀನಿವಾಸ್ ತೆಲುಗು ನಟ ಚಿರಂಜೀವಿಯ ಅಭಿಮಾನಿ ಸಂಘಗಳನ್ನು ಅಭ್ಯಸಿಸಿ, ಈ ಭಕ್ತಿಯ ಜೊತೆಗೇ ಪ್ರತಿಭಟನೆಯೂ ಇರುತ್ತದೆ ಎಂದು ತೋರಿಸಿದರು. ನಟ ಹೀಗೇ ಇರಬೇಕೆಂದು ಅಭಿಮಾನಿ ಹಕ್ಕಿನಿಂದ ಕೇಳುತ್ತಾನೆ. ಅಂದರೆ ಆತ ಬರೀ ಮುಗ್ಧನೂ ಅಲ್ಲ, ಮರುಳನೂ ಅಲ್ಲ. ನಮ್ಮಂತೆಯೇ ಆಯ್ಕೆ ಮಾಡುವ ಮನುಷ್ಯ. ಆಯ್ಕೆ ಇದ್ದಲ್ಲಿ ಹೊಣೆಯೂ ಇರುತ್ತದೆ.

ಆ ಹೊಣೆ ಎಷ್ಟು ದೊಡ್ಡದು ಎಂಬುದನ್ನು ನಾವು ನಮ್ಮ ನಾಡಿನಲ್ಲೇ ಕಂಡಿದ್ದೇವೆ. ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರುಗಳೆಂದು ಕರೆದವರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ಭುಗಿಲೆದ್ದ ಹಿಂಸೆಯಲ್ಲಿ ಎಂಟು ಮಂದಿ ಪ್ರಾಣ ಕಳಕೊಂಡರು. ಕರ್ತವ್ಯದಲ್ಲಿದ್ದ ಪೊಲೀಸ್ ಪೇದೆಯೊಬ್ಬರನ್ನು ಗುಂಪು ಹೊಡೆದು ಕೊಂದಿತು. ಅದೇ ರಾಜ್‌ಕುಮಾರ್ ತಮ್ಮ ಕಣ್ಣುಗಳನ್ನು ದಾನ ಮಾಡಿದ್ದರು. 2021ರಲ್ಲಿ ಅವರ ಮಗ ಪುನೀತ್ ಅಗಲಿದಾಗ ಅವರ ಕಣ್ಣುಗಳೂ ದಾನವಾದವು, ಆ ಬಳಿಕ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ನೋಂದಾಯಿಸಿದರು. ಕಲ್ಲೆತ್ತಿದ್ದೂ ಅಭಿಮಾನದ ಹೆಸರಿನಲ್ಲಿ, ಕಣ್ಣು ಕೊಟ್ಟದ್ದೂ ಅಭಿಮಾನದ ಹೆಸರಿನಲ್ಲಿ.

ಆದ್ದರಿಂದ ಅರಿಯುವುದು ಬೇರೆ, ಮನ್ನಿಸುವುದು ಬೇರೆ. ಪೇದೆಯನ್ನು ಕೊಂದ ಕೈಗೆ ಯಾವ ಅಭಿಮಾನವೂ ರಕ್ಷಣೆಯಾಗದು. ಆದರೆ ಆ ಕೈಯ ಅಪರಾಧವನ್ನು ಕಣ್ಣೀರಿಟ್ಟು ಮೌನವಾಗಿ ಸಾಲಿನಲ್ಲಿ ನಿಂತಿದ್ದ ಲಕ್ಷಾಂತರ ಜನರ ತಲೆಗೆ ಕಟ್ಟುವುದೂ ಅನ್ಯಾಯವೇ. ಕೃತ್ಯವನ್ನು ಕೃತ್ಯವೆಂದೇ ಅಳೆಯೋಣ. ಪ್ರೀತಿಯನ್ನು ಗುಂಪಿನ ಲೆಕ್ಕದಲ್ಲಿ ದೋಷಿಯನ್ನಾಗಿಸದಿರೋಣ.

ಇನ್ನು ನಮ್ಮ ಸರದಿ. ಸಿನಿಮಾ ನೋಡದವರಿಗೂ, ಕ್ರಿಕೆಟ್ ಗೊತ್ತಿಲ್ಲದವರಿಗೂ ಮೆಚ್ಚಿನ ಒಬ್ಬ ನಾಯಕನೋ ಭಾಷಣಕಾರನೋ ಲೇಖಕನೋ ಇದ್ದೇ ಇರುತ್ತಾನೆ. ಅವನ ತಪ್ಪನ್ನು ಯಾರಾದರೂ ಎತ್ತಿ ತೋರಿಸಿದಾಗ ನಾವು ಕಿವಿಗೊಡುತ್ತೇವೆಯೇ ಅಥವಾ ತೋರಿಸಿದವನ ಮೇಲೆಯೇ ಮುಗಿಬೀಳುತ್ತೇವೆಯೇ? ಅಭಿಮಾನ ದುರಭಿಮಾನವಾಗುವ ಗೆರೆ ಅಲ್ಲಿದೆ.

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೂರಬಲ್ಲವರು ಸುಮಾರು 35 ಸಾವಿರ ಮಂದಿ. ಅಂದು ಬಂದವರು ಲಕ್ಷಗಟ್ಟಲೆ. ಅವರೇಕೆ ಬಂದರು ಎಂದು ಕೇಳುವ ಮೊದಲು, ಅಷ್ಟು ಜನ ಬರುತ್ತಾರೆಂದು ತಿಳಿದಿರಬೇಕಾಗಿದ್ದವರು ಬಾಗಿಲಲ್ಲಿ ಏನು ಸಿದ್ಧತೆ ಮಾಡಿದ್ದರು ಎಂದು ಕೇಳಬೇಕಾಗಿತ್ತು. ಹುಚ್ಚು ಎಂಬ ಒಂದು ಪದ ನಮ್ಮನ್ನು ಆ ಪ್ರಶ್ನೆಯಿಂದ ಪಾರು ಮಾಡಿತು. 11 ಮನೆಗಳಿಗೆ ಮಾತ್ರ ಪಾರಾಗುವ ದಾರಿ ಇರಲಿಲ್ಲ.